ರಂಜನಿ ಹಾಕುತ್ತಿದ್ದ ತಾರೀಖು

ಚಾಮರಾಜಪುರಂನ ಡಿಟಿಪಿ ಅಂಗಡಿಯಲ್ಲಿ ಮೂವತ್ತು ವರ್ಷ ಲಗ್ನಪತ್ರಿಕೆ ಮಾಡಿ ಕಣ್ಣು ಸವೆಸಿಕೊಂಡ ವಾಗೀಶನಿಗೆ, ಈ ವಯಸ್ಸಿನಲ್ಲಿ ಮೂರು ಎಮ್ಯುಲೇಟರುಗಳನ್ನು ತೂಗಿ ನೋಡುವ ಗ್ರಹಚಾರ ಬಂದಿತ್ತು. ಹೊಸ ಕಂಪ್ಯೂಟರಿನೊಳಗೆ ಕೂತು ಹಳೆಯ ಕಂಪ್ಯೂಟರಿನಂತೆ ನಟಿಸುವ ಸಾಫ್ಟ್‌ವೇರುಗಳವು. ಹೆಂಡತಿ ರಂಜನಿ ಹೋದ ಮೇಲೆ ಅಂಗಡಿಯ ಹಳೆಯ ಯಂತ್ರವನ್ನು ಯಾರೂ ಮುಟ್ಟಿರಲಿಲ್ಲ; ಕೊನೆಗೆ ಅದೂ ಕೆಟ್ಟು ಕೂತಿತು. ಅದರಿಂದ ಹೇಗೋ ಎತ್ತಿಕೊಂಡ ಫೈಲುಗಳಲ್ಲಿ ಅವಳ ಹಾಡಿನ ಪುಸ್ತಕವಿತ್ತು. ಅವಳ ತಾಯಿ ಹಸೆಗೆ ಕರೆಯುವಾಗ ಹೇಳುತ್ತಿದ್ದ ಹಾಡುಗಳು, ಬೇರೆಲ್ಲೂ ಬರೆದಿಟ್ಟಿರಲಿಲ್ಲ. ರಂಜನಿಯ ಮೊದಲ ವರ್ಷದ ವೈದಿಕಕ್ಕೆ ಎಂಟು ದಿನ ಉಳಿದಿತ್ತು. ಬಂದವರ ಕೈಗೆ ಆ ಪುಸ್ತಕ ಕೊಡಬೇಕೆಂಬುದೊಂದೇ ಅವನ ಹಟ.

ಮೊದಲನೆಯ ಎಮ್ಯುಲೇಟರ್ ಬಲು ಚುರುಕು. ಆದರೆ ಅದರಲ್ಲಿ, ಆ ಪುಸ್ತಕ ತೆರೆಯಲು ಬೇಕಾದ ಹಳೆಯ ಕನ್ನಡ ಸಾಫ್ಟ್‌ವೇರ್ ‘ಅವಧಿ ಮುಗಿದಿದೆ’ ಎಂದು ಮುಖದ ಮೇಲೆ ಬಾಗಿಲು ಹಾಕಿತು. ಎರಡನೆಯದು ಕಪ್ಪು ಪರದೆ ತೋರಿಸಿ ಸುಮ್ಮನಾಯಿತು. ಮೂರನೆಯದು ಹಳೆಯ ಯಂತ್ರದ ಚಾಳಿಯನ್ನೆಲ್ಲ ಕಲಿತಿತ್ತು, ಆ ಆಮೆನಡಿಗೆಯನ್ನೂ. ಮೇಲಾಗಿ ಶುರುವಾಗುವಾಗ ತಾರೀಖು ಕೇಳುವ ಅಧಿಕಪ್ರಸಂಗ ಬೇರೆ. ವಾಗೀಶ ಅವತ್ತಿನ ತಾರೀಖು ಒತ್ತಿದ. ಮತ್ತೆ ‘ಅವಧಿ ಮುಗಿದಿದೆ’. ನಾಲ್ಕು ದಿನ ಹೀಗೇ ಹೋಯಿತು. ಸೊಂಟ ಹಿಡಿಯಿತು, ಕಣ್ಣುರಿ ಶುರುವಾಯಿತು.

“ಬುಟ್ಬುಡ್ತೀನಿ ಕಣಮ್ಮ, ನನ್ ಕೈಲಾಗಲ್ಲ,” ಎಂದ, ಕಾಫಿ ತಂದ ಮಗಳು ಲಾಸ್ಯಳಿಗೆ.

ಅವಳು ಪರದೆಯನ್ನೊಮ್ಮೆ ನೋಡಿದಳು. “ಅಪ್ಪ, ಅಮ್ಮ ದಿನಾ ಅಂಗಡಿ ತೆಗೆದ ತಕ್ಷಣ ತೊಂಬತ್ತೆಂಟನೇ ಇಸವಿ ತಾರೀಖು ಹಾಕ್ತಿರ್ಲಿಲ್ವಾ? ಇಲ್ದಿದ್ರೆ ಇದು ತೆರೆಯೋದೇ ಇಲ್ಲ ಅಂತಿದ್ಳು. ನಿಮಗೆ ಗೊತ್ತೇ ಇಲ್ವಾ?”

ಗೊತ್ತಿರಲಿಲ್ಲ. ಅವನು ತಿಂಡಿ ಮುಗಿಸಿ ಹತ್ತಕ್ಕೆ ಬರುವ ಹೊತ್ತಿಗೆ ಎಲ್ಲ ಸಿದ್ಧವಾಗಿರುತ್ತಿತ್ತು. ಸಿದ್ಧವಾಗಿರುವುದೇ ಯಂತ್ರದ ಸ್ವಭಾವವೆಂದು ಮಹಾಶಯ ಇಷ್ಟು ವರ್ಷ ತಿಳಿದಿದ್ದ.

ಹಳೆಯ ತಾರೀಖು ಕೊಟ್ಟ. ಪುಸ್ತಕ ತೆರೆಯಿತು. ಪರಿವಿಡಿಯಲ್ಲಿ ನಲವತ್ತೊಂದು ಹಾಡು. ಒಳಗೆ ಪೂರ್ತಿ ಇದ್ದದ್ದು ಮೂರು. ನಾಲ್ಕನೆಯದು ಎರಡು ಸಾಲಿಗೇ ನಿಂತಿತ್ತು. ಅದರ ಕೆಳಗೆ ಅವಳೇ ಟೈಪ್ ಮಾಡಿದ್ದಳು: ‘ಇವರಿಗೆ ಲಗ್ನಪತ್ರಿಕೆ ಅರ್ಜೆಂಟಂತೆ. ಆಮೇಲೆ.’ ಮುಂದಿನ ಪುಟಗಳಲ್ಲಿ ಹಾಡಿನ ಹೆಸರು ಬಿಟ್ಟರೆ ಏನೂ ಇರಲಿಲ್ಲ.

ವಾಗೀಶನಿಗೆ ಅಳು ಬಂತು. ಎಷ್ಟು ಸಲ ಅರ್ಜೆಂಟ್ ಎಂದಿದ್ದನೋ, ಒಂದೂ ನೆನಪಿಲ್ಲ.

“ಈ ನಾಲ್ಕನೇದು ನಿಂಗೆ ಬರುತ್ತೇನಮ್ಮ?” ಎಂದು ಕೇಳಿದ.

“ಎರಡು ಸಾಲು ಬರುತ್ತೆ ಅಪ್ಪ,” ಎಂದು ಲಾಸ್ಯ ಮೆಲ್ಲಗೆ ಹಾಡಿದಳು.

ಆ ಎರಡು ಸಾಲು ಆಗಲೇ ಪರದೆಯ ಮೇಲಿದ್ದವು.