ಹದಿನಾರನೇ ನಂಬರಿನ ಚೀಟಿ

ಹೆಂಗಸರ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಗಾಜಿನಕ್ಕ ಅಂತ ಒಬ್ಬಳಿದ್ದಳು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿದಿತ್ತು. ಸೀಸೆ ತೊಳೆಯುವ ಕೆಲಸಕ್ಕೆ ಸೇರಿದವಳ ಕೈಯಲ್ಲಿ ಒಂದೂ ಒಡೆಯದ್ದನ್ನು ಕಂಡು ಅಲ್ಲಿನ ಮುದುಕ ಟೆಕ್ನೀಷಿಯನ್ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ. ಕೂತವಳು ಇಪ್ಪತ್ತಾರು ವರ್ಷ ಏಳಲಿಲ್ಲ. ನಡುವೆ ಪರೀಕ್ಷೆ ಕಟ್ಟಿ ಪಾಸಾದಳು, ಮದುವೆಯಾದಳು, ಗಂಡನನ್ನು ಕಳೆದುಕೊಂಡಳು, ಮೂರು ಸಲ ಕನ್ನಡಕದ ನಂಬರು ಬದಲಾಯಿಸಿದಳು.

ಹೆಂಗಸರ ಗರ್ಭಕೊರಳಿನಿಂದ ಸವರಿ ತೆಗೆದದ್ದು ಬೆರಳುದ್ದದ ಗಾಜಿನ ಪಟ್ಟಿಯ ಮೇಲೆ ಅವಳ ಮೇಜಿಗೆ ಬರುತ್ತಿತ್ತು. ಅದನ್ನು ಬಣ್ಣಕ್ಕೆ ಅದ್ದಿ, ಒಣಗಿಸಿ, ಅಕ್ಕಿ ಆರಿಸಿದಂತೆ ನೋಡುತ್ತಿದ್ದಳು. ವೈರಸ್ಸು ಹೊಕ್ಕ ಜೀವಕಣದ ನಡುಬೀಜ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿ, ಸುತ್ತ ಖಾಲಿ ಜಾಗ ಬಿಟ್ಟುಕೊಂಡಿರುತ್ತಿತ್ತು. ಅಂಥದ್ದು ಸಾವಿರದಲ್ಲಿ ಒಂದಿದ್ದರೂ ಅವಳ ಕಣ್ಣಿಗೆ ತಪ್ಪುತ್ತಿರಲಿಲ್ಲ. ಆದರೆ ಆ ಗಾಜು ಯಾರದು ಅಂತ ಅವಳು ಕೇಳಿದವಳಲ್ಲ. ಗಾಜಿಗೆ ನಂಬರಿದ್ದರೆ ಸಾಕು, ಮುಖ ಬೇಡ. ಮುಖ ಗೊತ್ತಾದರೆ ಮಧ್ಯಾಹ್ನದ ಊಟ ಇಳಿಯುವುದಿಲ್ಲ ಎಂದು ಮುದುಕ ಹೇಳಿಕೊಟ್ಟಿದ್ದ.

ಆಮೇಲೆ ವೈರಸ್ಸಿನ ತಳಿಯನ್ನೇ ಹೇಳುವ ಯಂತ್ರ ಬಂತು. ಪ್ಯಾಪಿಲೋಮಾ ಅನ್ನುವ ಈ ವೈರಸ್ಸಿನ ಬಳಗ ದೊಡ್ಡದು, ಇನ್ನೂರಕ್ಕೂ ಮೇಲೆ ತಳಿಗಳು. ಮೈಗೆ ಅಂಟಿದ ಬಹಳಷ್ಟು ಒಂದೆರಡು ವರ್ಷದಲ್ಲಿ ಹೇಳದೆ ಕೇಳದೆ ಹೋಗಿಬಿಡುತ್ತವೆ. ಹೋಗದೆ ಠಿಕಾಣಿ ಹೂಡಿ, ಹತ್ತಾರು ವರ್ಷದಲ್ಲಿ ಕ್ಯಾನ್ಸರಿಗೆ ದಾರಿ ಮಾಡುವಂಥವು ಹನ್ನೆರಡೋ ಹದಿನಾಲ್ಕೋ. ಅವುಗಳಲ್ಲಿ ಹದಿನಾರನೇ ನಂಬರಿನದೇ ಯಜಮಾನ. ಆ ಹದಿನಾರರಲ್ಲೂ ಕವಲುಗಳಿವೆ. ವೈರಸ್ಸಿನ ಜೀನಿನ ಬರಹದಲ್ಲಿ ಹತ್ತಾರು ಅಕ್ಷರದ ವ್ಯತ್ಯಾಸವಷ್ಟೇ, ಆದರೆ ಒಂದು ಕವಲು ಬೇಗ ಕಾಲ್ತೆಗೆದರೆ ಇನ್ನೊಂದು ಬೇರು ಬಿಡುತ್ತದೆ. ಕವಲು ನೋಡಲು ಹದಿನಾರರ ಮಾದರಿಗಳನ್ನು ಬೇರೆ ಊರಿನ ದೊಡ್ಡ ಲ್ಯಾಬಿಗೆ ಕಳಿಸುತ್ತಿದ್ದರು.

ಇದೆಲ್ಲ ವಿಳಾಸ, ತಾರೀಖುಗಳ ಸಮೇತ ಗಾಜಿನಕ್ಕನ ದಪ್ಪ ಪುಸ್ತಕದಲ್ಲಿ ಸೇರುತ್ತಿತ್ತು. ಹೆಂಗಸರ ಕೈಗೆ ಹೋಗುವ ಚೀಟಿಯಲ್ಲಿ ಇದ್ದದ್ದು ಎರಡೇ ಚೌಕ: ‘ವೈರಸ್ ಇದೆ’, ‘ವೈರಸ್ ಇಲ್ಲ’. ಕೆಳಗೆ ಮತ್ತೆ ಬರಬೇಕಾದ ತಾರೀಖು. ನಂಬರು ಬರೆದರೆ ಜನ ಹೆದರುತ್ತಾರೆ ಎಂದು ಚೀಟಿ ಅಚ್ಚು ಹಾಕಿಸಿದವರು ತೀರ್ಮಾನಿಸಿದ್ದರು. ಗಾಜಿನಕ್ಕನಿಗೂ ಅದು ಸರಿಯೆಂದೇ ತೋರಿತ್ತು.

ಒಂದು ದಿನ ಪುಸ್ತಕ ತಿರುವುವಾಗ ಒಂದು ಸಾಲಿನಲ್ಲಿ ಅವಳ ಬೆರಳು ನಿಂತಿತು. ತಳಿ ಹದಿನಾರು. ಕವಲು, ಬೇರು ಬಿಡುವಂಥದ್ದು. ಎರಡು ವಾರದಲ್ಲಿ ಬಂದು ಡಾಕ್ಟರಿಗೆ ತೋರಿಸಬೇಕಿದ್ದವಳು ಏಳು ತಿಂಗಳಾದರೂ ಬಂದಿರಲಿಲ್ಲ. ಅದರ ಹಿಂದಿನ ಪುಟದಲ್ಲಿ ಅದೇ ವಿಳಾಸದ ಇನ್ನೊಬ್ಬಳು: ತಳಿ ಐವತ್ತಾರು, ಬೇರೂರುವುದು ಅಪರೂಪ, ವರ್ಷ ಬಿಟ್ಟು ಬಂದಾಗ ‘ಇಲ್ಲ’. ಏನು ನಡೆದಿರಬಹುದು ಎಂದು ಅವಳಿಗೆ ಹೊಳೆಯಿತು. ಮೇಲಿನವರಿಗೆ ಹೇಳಿದಳು. ಫೋನು ಮಾಡಿದ್ದೇವೆ, ಬರುತ್ತೇನೆ ಅಂದಿದ್ದಾಳೆ ಎಂದರು. ಗಾಜಿನಕ್ಕ ಅರ್ಧ ದಿನ ರಜೆ ಬರೆದು, ವಿಳಾಸ ಹಿಡಿದು ಹೊರಟಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

ಅದೊಂದು ಇಸ್ತ್ರಿ ಅಂಗಡಿ. ಎರಡು ಮೇಜು, ಎರಡು ಇಸ್ತ್ರಿಪೆಟ್ಟಿಗೆ, ಇಬ್ಬರು ಓರಗಿತ್ತಿಯರು. ಹಿರಿಯವಳದು ಬಾಯಿ ಜಾಸ್ತಿ, ಕಿರಿಯವಳದು ಕೈ ಜಾಸ್ತಿ. ಬಂದವಳು ಯಾರೆಂದು ತಿಳಿದ ಮೇಲೆ ಕಿರಿಯವಳು ಅಂಗಿಯ ಕಾಲರಿನಿಂದ ತಲೆ ಎತ್ತದೆ, ತನಗೇನೂ ಆಗಿಲ್ಲ ಎಂದಳು. ಓರಗಿತ್ತಿ ಅಕ್ಕನಿಗೂ ಅದೇ ಚೀಟಿ ಬಂದಿತ್ತು, ಅದೇ ಚೌಕಕ್ಕೆ ಗುರುತು ಹಾಕಿದ್ದರು. ಔಷಧಿಯಿಲ್ಲದೆ ವರ್ಷದಲ್ಲಿ ಹೋಯಿತು. ತನ್ನ ಚೀಟಿಯಲ್ಲಿ ಎರಡು ವಾರ ಅಂತ ನರ್ಸು ಕೈತಪ್ಪಿ ಬರೆದಿರಬೇಕು.

ಗಾಜಿನಕ್ಕನಿಗೆ ಜನರೊಡನೆ ಮಾತಾಡಿ ರೂಢಿಯಿರಲಿಲ್ಲ, ಗಾಜಿನ ಜೊತೆಗಿದ್ದವಳು. ಮೇಜಿನ ಕೆಳಗೆ ಬೇರೆ ತೆಗೆದಿಟ್ಟ ಎರಡು ಬಿಳಿ ಅಂಗಿಗಳನ್ನು ನೋಡಿ ಕೇಳಿದಳು, “ಇವೆರಡೂ ಯಾಕೆ ಪಕ್ಕಕ್ಕಿಟ್ಟಿದ್ದೀರಿ?”

“ಕಲೆ ಇದೆ. ಒಂದು ಚಹಾದ್ದು, ಒಗೆದ್ರೆ ಹೋಗತ್ತೆ. ಇನ್ನೊಂದು ತುಕ್ಕಿಂದು.”

“ತುಕ್ಕಿಂದು ಬಿಟ್ರೆ?”

“ಬಟ್ಟೇನೇ ತಿನ್ನತ್ತೆ,” ಎಂದವಳೇ ಕಿರಿಯವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು.

“ನಿಮ್ಮಕ್ಕಂದು ಚಹಾದ್ದು ಕಣಮ್ಮ. ನಿಂದು ತುಕ್ಕು. ಚೀಟೀಲಿ ಎರಡಕ್ಕೂ ‘ಕಲೆ ಇದೆ’ ಅಂತ ಒಂದೇ ಗುರುತು ಹಾಕಿದ್ದು ನಾನು. ತಪ್ಪು ನಿಂದಲ್ಲ. ತಿಂದೇ ಬಿಟ್ಟಿದೆ ಅಂತಲ್ಲ. ಅಷ್ಟು ಬೇಗ ತಿನ್ನಲ್ಲ. ಆದ್ರೆ ನೋಡದೆ ಹೇಳೋಕಾಗಲ್ಲ.”

ಹಿರಿಯವಳು ನಡುವೆ ಬಾಯಿ ಹಾಕಿದಳು. “ಹೆಸರೊಂದೇ ಆದ್ರೆ ಗುಣ ಒಂದೇ ಅಂದ್ಕೊಂಡ್ಯಾ? ಒಂದೇ ತಾಯಿ ಮಕ್ಕಳನ್ನ ಕಟ್ಕೊಂಡಿದ್ದೀವಿ ನಾವಿಬ್ರೂ. ನನ್ನೋನು ಉಂಡು ಎದ್ದು ಹೋಗ್ತಾನೆ, ನಿನ್ನೋನು ತಟ್ಟೆ ಮುಂದೆ ಸಂಜೆ ಮಾಡ್ತಾನೆ,” ಎಂದು ಪ್ಲಗ್ಗು ಕಿತ್ತಳು. “ನಡಿ. ಅಂಗಡಿ ನಾನು ನೋಡ್ಕೋತೀನಿ.”

ಕಿರಿಯವಳು ಕೇಳಿದ್ದು ಒಂದೇ, ಗರ್ಭಚೀಲ ತೆಗೀತಾರಾ ಅಂತ. ಅವಳಿಗೆ ಇನ್ನೂ ಮಕ್ಕಳಾಗಿರಲಿಲ್ಲ. ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಏಳು ತಿಂಗಳು ಅಕ್ಕನ ಚೀಟಿಯನ್ನು ನೆಪ ಮಾಡಿಕೊಂಡಿದ್ದಳು. ಈಗ ಬಂದರೆ ತೆಗೆಯದೇ ಇರುವ ಸಂಭವ ಹೆಚ್ಚು, ತಡ ಮಾಡಿದಷ್ಟೂ ಕಡಿಮೆ ಎಂದಳು ಗಾಜಿನಕ್ಕ. ಅದಕ್ಕಿಂತ ಹೆಚ್ಚಿನ ಮಾತು ಕೊಡಲಿಲ್ಲ.

ಡಾಕ್ಟರು ವಿನೆಗರ್ ಸವರಿ ನೋಡಿದಾಗ ಗರ್ಭಕೊರಳಿನ ಒಂದು ಪಕ್ಕ ಬೆಳ್ಳಗಾಯಿತು. ಚೂರು ತೆಗೆದು ಕಳಿಸಿದರು. ಕ್ಯಾನ್ಸರಲ್ಲ, ಅದರ ಹೊಸ್ತಿಲು. ಮುಂದಿನ ವಾರ ಕಾದ ತಂತಿಯ ಕುಣಿಕೆಯಿಂದ ಅಷ್ಟು ಭಾಗವನ್ನು ಮಾತ್ರ ತೆಗೆದರು, ಗರ್ಭಚೀಲ ಇದ್ದಲ್ಲೇ ಉಳಿಯಿತು. ತೆಗೆದ ತುಂಡು ಪುಟ್ಟ ಸೀಸೆಯಲ್ಲಿ ನೆಲಮಾಳಿಗೆಗೆ ಬಂತು. ಈ ಸಲ ನಂಬರಿಗೆ ಮುಖ ಇತ್ತು. ಗಾಜಿನಕ್ಕ ಅದನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ತುಂಡಿನ ಅಂಚನ್ನು ಎರಡು ಸಲ ಸುತ್ತು ಬಂದಳು. ಅಂಚಿನ ಕಣಗಳೆಲ್ಲ ಚೊಕ್ಕವಾಗಿದ್ದವು, ಅಂದರೆ ಕೆಟ್ಟದ್ದೇನೂ ಒಳಗೆ ಉಳಿದಿರಲಿಲ್ಲ. ದೊಡ್ಡ ಡಾಕ್ಟರು ನೋಡಿ ಹೌದೆಂದು ಸಹಿ ಹಾಕಿದರು.

ಮಧ್ಯಾಹ್ನ ಅವಳು ಊಟಕ್ಕೆ ಏಳಲಿಲ್ಲ. ಪುಸ್ತಕ ತೆರೆದು, ಹದಿನಾರು ಎಂದಿದ್ದ ಸಾಲುಗಳನ್ನೆಲ್ಲ ಹುಡುಕಿ, ತಾರೀಖು ಮೀರಿಯೂ ಬಾರದವರ ವಿಳಾಸಗಳನ್ನು ಬೇರೊಂದು ಹಾಳೆಗೆ ಇಳಿಸತೊಡಗಿದಳು. ಹನ್ನೊಂದಿದ್ದವು.