ನನ್ನ ಪಕ್ಷ ಸೋತಿತು, ಬೇಕರಿ ತೆರೆಯಿತು

ಹೋದ ಶನಿವಾರ ಒಂದು ಖಾರಾ ಬನ್ನಿಗಾಗಿ ಮುನ್ನೂರು ಮೈಲಿಯ ಹತ್ತಿರ ಹತ್ತಿರ ಡ್ರೈವ್ ಮಾಡಿದೆ. (ಹೌದು, ಬನ್ನಿಗೇ. ನಗಬೇಡಿ.)

ಪಕ್ಕದ ರಾಜ್ಯಗಳಾಚೆ ನೋವೈ ಎಂಬ ಊರಿನಲ್ಲಿ, ದೇವಸ್ಥಾನದಿಂದ ಎರಡು ಸಿಗ್ನಲ್ ಆಚೆ, ನನ್ನ ಗೆಳತಿ ನಸ್ರೀನ್ ಬೇಕರಿ ತೆರೆದಿದ್ದಾಳೆ. ತುಮಕೂರಿನವಳು. ಬಾಗಿಲು ತೆಗೆಯುವ ಮೊದಲೇ ಹೊರಗೆ ಕ್ಯೂ. ಇಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿಯಲ್ಲಿ ದರ್ಶನ ಮುಗಿಸಿ ಬಂದವರು, ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು ನಿಂತಿದ್ದರು. ನೋಡನೋಡುತ್ತಿದ್ದಂತೆ ಖಾರಾ ಬನ್ ಖಾಲಿ. ಕೊನೆಯ ದಿಲ್‌ಪಸಂದ್‌ಗೆ ಜಗಳ! ನಾನು ಕೌಂಟರಿನ ಪಕ್ಕ ನಿಂತು, ಗೆದ್ದ ಅಭ್ಯರ್ಥಿಯ ಏಜೆಂಟಿನ ಹಾಗೆ ಬೀಗುತ್ತಿದ್ದೆ.

ಆದರೆ ಈ ಬೇಕರಿ ತೆರೆಯಬೇಕಾದರೆ ನನ್ನ ಪಕ್ಷ ಸೋಲಬೇಕಾಯಿತು.

ಆದದ್ದು ಇಷ್ಟು. ಹಳೆಯ ಡೋನಟ್ ಅಂಗಡಿಯೊಂದನ್ನು ಓವನ್ ಸಮೇತ ಕೊಳ್ಳಲು ನಸ್ರೀನ್ ಸಾಲಕ್ಕೆ ಅಪ್ಲೈ ಮಾಡಿದ್ದಳು. ಗಂಡ ಕಾರು ಕಂಪನಿಯ ಕೆಲಸವನ್ನೂ ಬಿಟ್ಟಾಗಿತ್ತು. ಅಷ್ಟರಲ್ಲಿ ಖರ್ಚಿನ ಮಸೂದೆ ಸೆನೆಟ್ಟಿನಲ್ಲಿ ಪಾಸಾಗದೆ ಸರ್ಕಾರ ಶಟ್‌ಡೌನ್! ಸಣ್ಣ ವ್ಯಾಪಾರದ ಸಾಲಕ್ಕೆ ಗ್ಯಾರಂಟಿ ಕೊಡಬೇಕಾದ ಇಲಾಖೆಗೇ ಬೀಗ. ಅಂಗಡಿ ಮಾರುವ ಮುದುಕನ ಹತ್ತಿರ ಬೇರೊಬ್ಬ ಗಿರಾಕಿ ತಯಾರಿದ್ದ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ತನಕ ಕಾಯುತ್ತೇನೆ, ಆಮೇಲೆ ಇಲ್ಲ ಎಂದುಬಿಟ್ಟ.

ಶಟ್‌ಡೌನ್ ಯಾಕೆ? ವಿರೋಧದಲ್ಲಿ ಕೂತಿರುವ ನನ್ನ ಪಕ್ಷ (ನನಗಿಲ್ಲಿ ವೋಟಿಲ್ಲ, ಆದರೂ ಪಕ್ಷ ಇದೆ. ನಿಮಗೆ ಕ್ರಿಕೆಟ್ ಟೀಮ್ ಇಲ್ಲವೇ?) ಪಟ್ಟು ಹಿಡಿದಿತ್ತು. ಸ್ವಂತವಾಗಿ ಹೆಲ್ತ್ ಇನ್ಶೂರೆನ್ಸ್ ಕೊಳ್ಳುವವರಿಗೆ ಸಿಗುತ್ತಿರುವ, ಡಿಸೆಂಬರಿಗೆ ಮುಗಿಯಲಿರುವ ಸರ್ಕಾರಿ ನೆರವನ್ನು ಮುಂದುವರಿಸಿ, ಇಲ್ಲವಾದರೆ ಆ ಮಸೂದೆಗೆ ನಮ್ಮ ವೋಟಿಲ್ಲ ಎಂದು. ಹಾಗೆ ಕೊಳ್ಳುವವರು ಯಾರು? ಕೆಲಸ ಬಿಟ್ಟು ಬೇಕರಿ ಹಾಕುವವರು. ಅಂದರೆ ನಸ್ರೀನ್!

ನಾನು ಫೋನಿನಲ್ಲಿ ಭಾಷಣ ಬಿಗಿದೆ. "ಈಗ ಬಗ್ಗಬಾರದು ಕಣೇ. ಇದು ನಿನಗೋಸ್ಕರ ನಡೀತಿರೋ ಹೋರಾಟ."

"ನನಗೋಸ್ಕರ ಹೋರಾಡ್ತಾ ನನ್ನ ಅಂಗಡೀನೇ ಕಳೀತಿದೀರಲ್ಲೇ?" ಎಂದವಳೇ ಫೋನಿಟ್ಟಳು.

ಇದನ್ನೆಲ್ಲ ಸೋಫಾದಲ್ಲಿ ಕೂತು ಕೇಳಿಸಿಕೊಂಡವರು ನಮ್ಮ ಸೋದರತ್ತೆ ಜಯಮ್ಮ. ಇಲಿನಾಯ್‌ನ ಡೌನರ್ಸ್ ಗ್ರೋವ್‌ನಲ್ಲಿರುವ ನಮ್ಮ ಮನೆಗೆ ಚಳಿಗಾಲ ನೋಡಲೆಂದು ಬಂದಿದ್ದಾರೆ. ಮಂಡ್ಯ ಕಡೆಯ ಪುರಸಭೆಯೊಂದರ ಮಾಜಿ ಸದಸ್ಯೆ. ಸೆನೆಟ್ ಕಲಾಪವನ್ನು ಸೀರಿಯಲ್ ಥರ ನೋಡುತ್ತಾರೆ. ಮೊದಲ ದಿನವೇ ಕೇಳಿದ್ದರು: "ಇವ್ರನ್ನೆಲ್ಲ ಯಾವ ರೆಸಾರ್ಟಲ್ಲಿ ಮಡಗವ್ರೆ?"

ರೆಸಾರ್ಟ್ ಇಲ್ಲ ಎಂದಾಗ ನಿರಾಸೆಯಾಯಿತು, ಪಾಪ. ಈಗ ಮತ್ತೆ ಬಾಯಿ ಹಾಕಿದರು. "ಸದ್ಯಕ್ಕೆ ಎಲೆಕ್ಷನ್ ಇಲ್ದೋರು ಯಾರ್ಯಾರವ್ರೆ ನೋಡು. ಆ ಕಡೀಕ್ ದಾಟೋರು ಅವ್ರೇಯ. ಲೀಡರ್‌ಗಳು ಮೇಲ್ಗಡೆ ಬಯ್ತಾರೆ, ಒಳಗೊಳಗೇ ಉಸ್ಸಪ್ಪಾ ಅಂತಾರೆ."

"ಅದು ದ್ರೋಹ ಅಲ್ವಾ ಅತ್ತೆ?"

"ನಾನೂ ದಾಟಿವ್ನಿ ಕಣೇ."

ಬಸ್‌ಸ್ಟ್ಯಾಂಡಿಗೆ ಯಾರ ಹೆಸರಿಡಬೇಕೆಂಬ ಜಗಳದಲ್ಲಿ ಇಡೀ ಪುರಸಭೆಯ ಬಜೆಟ್ ನಿಂತಿತ್ತಂತೆ, ನಡುಬೇಸಿಗೆಯ ನೀರಿನ ಟ್ಯಾಂಕರ್ ಸಮೇತ. ಅತ್ತೆ ಎದುರು ಪಕ್ಷದ ಜೊತೆ ಕೈ ಎತ್ತಿದರು. "ಟಿಕೆಟ್ ಹೋಯ್ತು. ನೀರು ಬಂತು. ಹೆಸ್ರಿಗೆ ಆಮೇಲೂ ಜಗಳ ಆಡುದ್ವಿ, ಗೆದ್ವಿ."

ಆಮೇಲೊಂದು ಭಾನುವಾರ ಸೆನೆಟ್ಟಿನಲ್ಲಿ ನನ್ನ ಪಕ್ಷದ ಕೆಲವರು ಆ ಕಡೆ ವೋಟು ಹಾಕಿದರು. ಮುಂದಿನ ವರ್ಷ ಚುನಾವಣೆ ಎದುರಿಸಬೇಕಾದವರು ಅವರಲ್ಲಿ ಒಬ್ಬರೂ ಇರಲಿಲ್ಲ! ನಮ್ಮ ವಾಟ್ಸ್ಯಾಪ್ ಗ್ರೂಪಿನ ತುಂಬ ‘ಮಾರಿಕೊಂಡರು’ ಎಂಬ ಬೈಗುಳ. ನಾನೂ ಬೈಯಬೇಕಿತ್ತು. ಬದಲಿಗೆ ಅತ್ತೆಯ ಕೈ ಹಿಡಿದು ಲಿವಿಂಗ್ ರೂಮಿನಲ್ಲಿ ಕುಣಿದೆ. ಪಾಯಸಕ್ಕೆ ಶಾವಿಗೆ ಹುರಿದೆ. ತನ್ನ ಪಕ್ಷ ಸೋತಿದ್ದಕ್ಕೆ ಇಷ್ಟು ಖುಷಿಪಟ್ಟ ಅಭಿಮಾನಿ ಇಡೀ ಇಲಿನಾಯ್‌ನಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಇಲಾಖೆಯ ಬೀಗ ತೆರೆಯಿತು. ಥ್ಯಾಂಕ್ಸ್‌ಗಿವಿಂಗ್ ವಾರದಲ್ಲೇ ಸಾಲ ಮಂಜೂರಾಯಿತು. ಮುದುಕ ಬೀಗದ ಕೈ ಕೊಟ್ಟ. ಗೆದ್ದೆವು!

ಇನ್ಶೂರೆನ್ಸ್? ಅದನ್ನು ಬೇರೆಯಾಗಿ ವೋಟಿಗೆ ಹಾಕುತ್ತೇವೆ ಎಂಬ ಮಾತು ಎದುರು ಪಕ್ಷದಿಂದ ಸಿಕ್ಕಿದೆ. ಮಾತು ಮಾತ್ರ.

ಶನಿವಾರ ಜನ ಕರಗಿದ ಮೇಲೆ ನಸ್ರೀನ್ ನನ್ನ ಮತ್ತು ಜೊತೆಗೆ ಬಂದಿದ್ದ ಅತ್ತೆಯ ಪಕ್ಕ ಟೀ ಹಿಡಿದು ಕೂತಳು. ಮುಖದ ತುಂಬ ಮೈದಾ, ನಗು. "ಆಂಟಿ, ನೀವು ಇವಳಿಗೆ ಹೇಳಿದ ಹಾಗೇ ಆಯ್ತು. ಆದ್ರೆ ಜನವರಿಯಿಂದ ಇನ್ಶೂರೆನ್ಸ್ ಕಟ್ಟೋದು ಹೇಗೋ ಗೊತ್ತಿಲ್ಲ."

"ಅಂಗಡಿ ತೆಗ್ದೆಯಲ್ಲ? ಈಗ ಹೊಟ್ಟೆ ತುಂಬ ಉಂಡ್ಕಂಡು ಜಗಳ ಆಡು," ಎಂದರು ಅತ್ತೆ. "ನಿಂಗೆ ವೋಟೈತೆ. ನಿನ್ ಮೆಂಬರ್‌ಗೆ ದಿನಾ ಫೋನ್ ಮಾಡು. ಬೇಜಾರಾಗಿ ಅವ್ನೇ ಎತ್ತಬೇಕು."

ನಸ್ರೀನ್ ಅಲ್ಲೇ ಫೋನ್ ತೆಗೆದು ತನ್ನ ಕ್ಷೇತ್ರದ ಪ್ರತಿನಿಧಿಯ ಆಫೀಸಿನ ನಂಬರ್ ಹುಡುಕತೊಡಗಿದಳು. ನನಗೊಂದು ಕುತೂಹಲ. ಮುಂದಿನ ಸಲ ನನ್ನ ಪಕ್ಷದವರು ವೋಟು ಕೇಳಲು ಇದೇ ಬೇಕರಿಗೆ ಬಂದಾಗ ಏನೆನ್ನುತ್ತಾರೆ: ನಿನಗಾಗಿ ಹೋರಾಡಿದೆವು ಎಂದೋ, ನಿನಗಾಗಿ ಸೋತೆವು ಎಂದೋ?