ಎಮಿಲ್‌ನ ಚೌಕಾಸಿ

ಹಳೇ ಬಂದೂಕುಗಳನ್ನು ಚೌಕಾಸಿ ಮಾಡಿ ಗಿಟ್ಟಿಸುವುದರಲ್ಲಿ ನನ್ನ ಗಂಡ ಎಮಿಲ್ ಸೆದ್ಲಾಕ್‌ಗೆ ನಮ್ಮ ಕೌಂಟಿಯಲ್ಲೇ ಸರಿಸಾಟಿ ಇಲ್ಲ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಕ್ಷೌರದಂಗಡಿಯಲ್ಲಿ ಅದೇ ಮಾತು, ಭಾನುವಾರ ಚರ್ಚ್ ಮುಗಿದ ಮೇಲೆ ಕಾಫಿ ಕುಡಿಯುವಾಗಲೂ ಅದೇ ಮಾತು. ಯಾರೋ ಮುದುಕಿ ಗಂಡನ ರೈಫಲನ್ನು ಹಳೇ ಸಾಮಾನಿನ ಜೊತೆ ಹೊರಗಿಟ್ಟಿದ್ದಳಂತೆ, ಎಮಿಲ್ ಹೋಗಿ ಬಿಡಿಗಾಸಿಗೆ ಎತ್ತಿಕೊಂಡು ಬಂದನಂತೆ. ಗಿರವಿ ಅಂಗಡಿಯವನಿಗೆ ಬಂದೂಕಿನ ನಳಿಗೆಯ ಮೇಲಿನ ಗುರುತು ಏನೆಂದೇ ಗೊತ್ತಿರಲಿಲ್ಲವಂತೆ, ಎಮಿಲ್ ಮುಖದಲ್ಲಿ ಏನೂ ತೋರಿಸಿಕೊಳ್ಳದೆ ದುಡ್ಡು ಕೊಟ್ಟು ಹೊರಬಿದ್ದನಂತೆ. ಇಂಥವನ್ನೆಲ್ಲ ಅವನು ಜಂಬದಿಂದ ಹೇಳುತ್ತಿರಲಿಲ್ಲ. ಯಾರಾದರೂ ಒತ್ತಾಯ ಮಾಡಿ ಕೇಳಿದರೆ ಮಾತ್ರ ನೆಲ ನೋಡುತ್ತ, ಮೆತ್ತಗೆ, "ನೂರೈವತ್ತು ಡಾಲರಿಗೆ ಬಂತು" ಎನ್ನುತ್ತಿದ್ದ. ಸುತ್ತ ನಿಂತವರು ಸಿಳ್ಳೆ ಹಾಕುತ್ತಿದ್ದರು. ಪಕ್ಕದಲ್ಲಿ ನಿಂತ ನನಗೂ ಒಳಗೊಳಗೇ ಹೆಮ್ಮೆ. ಮಿಕ್ಕ ಹೆಂಗಸರ ಗಂಡಂದಿರು ಬಂದೂಕಿಗೆಂದು ದುಡ್ಡು ಸುರಿದು ಮನೆ ತೊಳೆಯುತ್ತಿದ್ದರು, ನನ್ನವನು ಹಾಗಲ್ಲವಲ್ಲ!

ಯೋಚನೆ ಮಾಡಿದ್ದರೆ ನನಗೆ ಆಗಲೇ ಅನುಮಾನ ಬರಬೇಕಿತ್ತು. ಎಮಿಲ್ ಊಟಕ್ಕೆ ಕೂತಾಗ ಉಪ್ಪು ಕಡಿಮೆಯಾದರೂ ಕೇಳದವನು. ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೆ ಹಾಗೇ ಜೇಬಿಗೆ ಹಾಕಿಕೊಂಡು ಬರುವವನು. ಗಾಜಿನ ಕಾರ್ಖಾನೆಯಲ್ಲಿ ಅಷ್ಟು ವರ್ಷ ಕುಲುಮೆಯ ಮುಂದೆ ಬೆಂದರೂ ಒಂದು ದಿನ ಸಂಬಳ ಹೆಚ್ಚಿಸಿ ಎಂದು ಬಾಯಿಬಿಟ್ಟವನಲ್ಲ. ನನ್ನದು ಉಲ್ಟಾ. ನನಗೆ ಮೂಗಿನ ತುದಿಯಲ್ಲೇ ಕೋಪ. ಮನೆಯ ಜಗಳವೆಲ್ಲ ನನ್ನ ಬಾಯಲ್ಲೇ ನಡೆದು ಮುಗಿಯುತ್ತಿತ್ತು, ಅವನು ಕಿಟಕಿಯ ಹೊರಗೆ ನೋಡುತ್ತ ನಿಂತಿರುತ್ತಿದ್ದ. ಅಂಥ ಪ್ರಾಣಿ ಹೋಗಿ ಪರವೂರಿನ ವ್ಯಾಪಾರಿಯ ಎದುರು ಚೌಕಾಸಿ ಮಾಡುತ್ತಾನೆ ಎಂದರೆ ನಾನು ಹೇಗೆ ನಂಬಿದೆನೋ ದೇವರಿಗೇ ಗೊತ್ತು. ಆದರೆ ನಂಬಿದ್ದೆ.

ಕಾರ್ಖಾನೆ ಮುಚ್ಚಿ ಎರಡನೇ ವರ್ಷ. ಬಾಗಿಲು ಹಾಕುವಾಗ ಅವರು ಒಂದಿಷ್ಟು ದುಡ್ಡು ಕೊಟ್ಟು ಕೈತೊಳೆದುಕೊಂಡಿದ್ದರು. ಬ್ಯಾಂಕಿನ ವ್ಯವಹಾರವೆಲ್ಲ ಎಮಿಲ್‌ನದು, ನಾನು ಕೈಹಾಕಿದವಳಲ್ಲ. ಆ ಚಳಿಗಾಲದಲ್ಲೇ ನನ್ನ ದವಡೆ ಹಲ್ಲುಗಳು ಒಂದಾದ ಮೇಲೊಂದು ಕೈಕೊಟ್ಟವು. ಬೇರಿನವರೆಗೆ ಸ್ವಚ್ಛ ಮಾಡಿ ಮೇಲೆ ಕ್ಯಾಪ್ ಕೂರಿಸಿದರೆ ಉಳಿಯುತ್ತವೆ, ಕಿತ್ತರೆ ಹೋಯಿತು ಎಂದು ಡಾಕ್ಟರು ಹೇಳಿದ್ದರು. ಎಮಿಲ್‌ನನ್ನು ಕೇಳಿದೆ. ಈ ವರ್ಷ ಕೈ ಬಿಗಿ ಇದೆ, ಮುಂದಿನ ವರ್ಷ ನೋಡೋಣ ಎಂದ. ನಾನೂ ಸರಿ ಎಂದು ಮೂರು ಹಲ್ಲು ಕೀಳಿಸಿಕೊಂಡು ಬಂದೆ. ಅವತ್ತು ಸಂಜೆಯೆಲ್ಲ ಎಮಿಲ್ ನನ್ನ ಕೆನ್ನೆಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಒತ್ತಿ ಹಿಡಿದು ಕೂತಿದ್ದ. ಎಂಥ ಒಳ್ಳೇ ಗಂಡ ಎಂದುಕೊಂಡಿದ್ದೆ ನಾನು.

ಮಾರ್ಚ್ ತಿಂಗಳಲ್ಲಿ ನಮ್ಮೂರ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಬಂದೂಕು ಮೇಳ. ಒಳಗೆ ಸಾಲು ಸಾಲು ಮೇಜುಗಳು, ಎಣ್ಣೆ ಹಚ್ಚಿದ ಕಬ್ಬಿಣದ ವಾಸನೆ. ಅಡಿಗೆಮನೆಯಲ್ಲಿ ಚರ್ಚಿನ ಹೆಂಗಸರು ಕೋಸು ಹಾಕಿ ಹುರಿದ ನೂಡಲ್ಸ್, ಆಲೂಗಡ್ಡೆಯ ಕಡುಬು ಮಾರುತ್ತಿದ್ದರು. ಎಮಿಲ್ ಪ್ರತಿ ವರ್ಷ ಒಂದು ಮೇಜು ಹಿಡಿಯುತ್ತಿದ್ದ, ಮಾರುವುದಕ್ಕಲ್ಲ, ನಾಲ್ಕು ಜನ ನೋಡಲಿ ಎಂದು. ಆ ವರ್ಷ ನಾಲ್ಕು ಬಂದೂಕು ಇಟ್ಟಿದ್ದ. ಎಂಟು ಮೂಲೆಯ ನಳಿಗೆಯ ಹಳೇ ರೈಫಲ್ ಒಂದು, ಯುದ್ಧ ಮುಗಿದಾಗ ಯಾರೋ ಸಿಪಾಯಿ ಜರ್ಮನಿಯಿಂದ ಹೊತ್ತುತಂದ ಮೂರು ನಳಿಗೆಯ ಬಂದೂಕು ಒಂದು, ಪಕ್ಕದಲ್ಲಿ ಬೇಟೆನಾಯಿ ಕೆತ್ತಿದ ಜೋಡಿನಳಿಗೆಯದು ಒಂದು, ಕೊನೆಯಲ್ಲಿ ಹುಡುಗರು ಅಳಿಲು ಹೊಡೆಯುವ ಸಣ್ಣದೊಂದು. ಮುಂದೆ "ಮಾರಾಟಕ್ಕಲ್ಲ" ಎಂದು ಬರೆದ ರಟ್ಟು. ನನ್ನನ್ನು ಕಾವಲು ಕೂರಿಸಿ ಅವನು ಮೇಳ ಸುತ್ತಲು ಹೋದ. ಅಗಿಯಲಾಗದೆ ನಾನು ನೂಡಲ್ಸನ್ನು ಒಂದೇ ಪಕ್ಕಕ್ಕೆ ತಳ್ಳಿಕೊಂಡು ನುಂಗುತ್ತಿದ್ದೆ.

ಆಗ ಬಂದ ಒಬ್ಬ ಪರಸ್ಥಳದವ, ಒಹಾಯೊ ರಾಜ್ಯದ ಕಡೆಯವನು. ರೈಫಲ್ ನೋಡಿದ್ದೇ ತಡ, ಹಳೇ ಗೆಳೆಯ ಸಿಕ್ಕಂತೆ ಮುಖ ಅರಳಿತು. ಇದು ತನ್ನದೇ ಆಗಿತ್ತು, ಹೋದ ವರ್ಷ ಮಾರಿದ್ದೆ ಎಂದ. ಓಹೋ ಹಾಗಾದರೆ ನೂರೈವತ್ತಕ್ಕೆ ಬಿಟ್ಟುಕೊಟ್ಟ ಪುಣ್ಯಾತ್ಮ ನೀವೇನಾ ಎಂದು ನಾನು ನಕ್ಕೆ. ಅವನೂ ನಕ್ಕ, ತಮಾಷೆ ಎಂದುಕೊಂಡು.

"ಎರಡು ಸಾವಿರದ ಎಂಟುನೂರು ಮೇಡಂ. ನಿಮ್ಮ ಯಜಮಾನ್ರು ಒಂದು ಮಾತೂ ಆಡ್ಲಿಲ್ಲ, ಎಣಿಸಿ ಕೊಟ್ಟುಬಿಟ್ರು. ಇನ್ನೂರು ಮುನ್ನೂರು ಬಿಡೋಣ ಅಂತ ನಾನೇ ರೆಡಿ ಇದ್ದೆ. ಕೇಳಬೇಕಲ್ಲ ಅವರು."

ಬಾಯಲ್ಲಿದ್ದದ್ದನ್ನು ನುಂಗಿದೆನೋ ಇಲ್ಲವೋ ನೆನಪಿಲ್ಲ. ನಾಲಿಗೆ ತಾನಾಗಿಯೇ ಹೋಗಿ ದವಡೆಯ ಖಾಲಿ ಜಾಗ ಮುಟ್ಟಿತು. ಮುಂದಿನ ವರ್ಷ ನೋಡೋಣ ಎಂದು ಹೇಳಿದ್ದನಲ್ಲ, ಆ ಮಾತು ಆಡುವಾಗ ಈ ರೈಫಲ್ ಮನೆಯ ಕಪಾಟಿನಲ್ಲೇ ಇತ್ತು. ಐಸ್ ಹಿಡಿದು ಕೂತಾಗಲೂ ಇತ್ತು. ಇಷ್ಟು ದಿನದಿಂದ ನನ್ನ ಕಿವಿಗೆ ಹೂ ಇಟ್ಟು, ಊರವರ ಬಾಯಿಂದ ಭೇಷ್ ಎನಿಸಿಕೊಂಡು ತಿರುಗುತ್ತಿದ್ದಾನೆ! ಮೈಯೆಲ್ಲ ಉರಿದುಹೋಯಿತು. ಒಹಾಯೊದವನು ಏನೋ ಎಡವಟ್ಟಾಯಿತು ಎಂದು ತಿಳಿದು ಎದುರಿನ ಮೇಜಿನ ಕಡೆ ಸರಿದುಕೊಂಡ.

ಮನೆಗೆ ಹೋಗಿ ಕೇಳಬಹುದಿತ್ತು. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದ, ಇಲ್ಲವೇ ಕಿಟಕಿಯ ಹೊರಗೆ ನೋಡುತ್ತಿದ್ದ. ನನಗೆ ದುಡ್ಡಿಗಿಂತ ಹೆಚ್ಚಾಗಿ ಬೇಕಿದ್ದದ್ದು ಒಂದೇ, ನಿಜವನ್ನು ಅವನೇ ತನ್ನ ಬಾಯಿಂದ ಹೇಳಬೇಕು. ಅದಿಲ್ಲದೆ ಆ ಮನೆಯಲ್ಲಿ ಅವನ ಜೊತೆ ಮತ್ತೆ ಊಟಕ್ಕೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಎಮಿಲ್ ಎರಡು ಕೈಯಲ್ಲಿ ಎರಡು ಕಾಫಿ ಹಿಡಿದು ಬರುವುದು ಕಂಡಿತು. "ಮಾರಾಟಕ್ಕಲ್ಲ" ಎಂಬ ರಟ್ಟನ್ನು ನಾನು ಮಗುಚಿ ಹಾಕಿದೆ.

ಪಕ್ಕದ ಮೇಜಿನವನು ಲೆಸ್ಟರ್ ಬೊಯಾರ್, ನಮ್ಮ ಬೀದಿಯವನೇ, ಎಮಿಲ್‌ನ ಜೊತೆ ಕುಲುಮೆಯಲ್ಲಿ ಕೆಲಸ ಮಾಡಿದವನು. ಎಮಿಲ್‌ನ ಚೌಕಾಸಿಯ ಕತೆಗಳನ್ನು ಊರಿಗೆಲ್ಲ ಹಂಚುವವನೂ ಅವನೇ.

"ಲೆಸ್ಟರ್, ಈ ರೈಫಲ್ ಬೇಕಾ? ನೂರೆಂಬತ್ತು ಕೊಡು, ತಗೊಂಡು ಹೋಗು" ಎಂದೆ.

ಲೆಸ್ಟರ್ ನಕ್ಕ. ನಾನು ನಗಲಿಲ್ಲ.

"ಎಮಿಲ್ ನೂರೈವತ್ತು ಕೊಟ್ಟಿದ್ದು. ಮೂವತ್ತು ಲಾಭ ಸಾಕು ನಮಗೆ. ಏನಂತೀಯ ಎಮಿಲ್, ನೂರೈವತ್ತೇ ತಾನೇ ನೀನು ಕೊಟ್ಟಿದ್ದು?"

ಎಮಿಲ್ ನನ್ನ ಮುಖ ನೋಡಿದ. ರಟ್ಟು ನೋಡಿದ. ಎದುರಿನ ಮೇಜಿನ ಬಳಿ ನಿಂತಿದ್ದ ಒಹಾಯೊದವನನ್ನು ನೋಡಿದ. ಬಣ್ಣ ಬಯಲಾಯಿತು ಎಂದು ಅವನಿಗೆ ಆ ಗಳಿಗೆಯಲ್ಲೇ ಗೊತ್ತಾಯಿತು, ಗೊತ್ತಾಯಿತೆಂದು ನನಗೂ ಗೊತ್ತಾಯಿತು. ಕಾಫಿ ತುಳುಕಿ ಅವನ ಬೆರಳ ಮೇಲೆ ಹರಿಯಿತು. ಅಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದ್ದರು. ಹೇಳು, ಈಗಲಾದರೂ ಹೇಳು ಎಂದು ನಾನು ಮನಸ್ಸಿನಲ್ಲಿ ಅಂಗಲಾಚುತ್ತಿದ್ದೆ.

"ಹೂಂ" ಎಂದ. "ನೂರೈವತ್ತೇ. ತಗೋ ಲೆಸ್ಟರ್, ನಿನ್ನ ಅದೃಷ್ಟ."

ಅಂದರೆ, ಎರಡು ಸಾವಿರದ ಎಂಟುನೂರು ಕಣ್ಣೆದುರೇ ಹೋದರೂ ಸರಿ, ಹೆಂಡತಿಗೆ ನಿಜ ಹೇಳಲಾರ. ಸುಳ್ಳು ಹೇಳಿದ್ದಕ್ಕಿಂತ ಇದು ನನ್ನನ್ನು ಹೆಚ್ಚು ಕೆರಳಿಸಿತು. ಲೆಸ್ಟರ್ ಅನುಮಾನಿಸುತ್ತಲೇ ದುಡ್ಡು ಕೊಟ್ಟ, ರೈಫಲನ್ನು ತನ್ನ ಮೇಜಿಗೆ ಒಯ್ದ. ನಾನು ಜರ್ಮನಿಯ ಬಂದೂಕಿನ ಮೇಲೆ ಕೈಯಿಟ್ಟೆ. ಇದಕ್ಕೆ ಎಷ್ಟು ಕೊಟ್ಟಿದ್ದೆ ಎಂದು ಕೇಳಿದೆ. ತೊಂಬತ್ತು ಎಂದು ಮನೆಯಲ್ಲಿ ಹೇಳಿದ್ದ, ಈಗಲೂ ತೊಂಬತ್ತು ಎಂದ. ನೂರಕ್ಕೆ ಯಾರಿಗೆ ಬೇಕು ಎಂದು ಕೂಗಿದೆ. ಅಷ್ಟು ಹೊತ್ತಿಗೆ ಜನ ಮುತ್ತಿಕೊಂಡಿದ್ದರು. ಅಗ್ಗಕ್ಕೆ ಸಿಗುತ್ತದೆ ಎಂದರೆ ಬಿಡುವವರಾರು, ನಾನು ಮಾತು ಮುಗಿಸುವ ಮೊದಲೇ ಗಡ್ಡದವನೊಬ್ಬ ನೋಟು ಚಾಚಿದ. ಜೋಡಿನಳಿಗೆಯದನ್ನು ಕೆಂಪು ಟೋಪಿಯವನು ನೂರಿಪ್ಪತ್ತಕ್ಕೆ ಹೊತ್ತುಕೊಂಡು ಹೋದ. ಪ್ರತಿ ಸಲವೂ ನಾನು ಎಮಿಲ್‌ನ ಕಡೆ ತಿರುಗಿ ಅಷ್ಟೇ ತಾನೇ ಎಂದು ಕೇಳಿದೆ. ಪ್ರತಿ ಸಲವೂ ಅವನು ಅಷ್ಟೇ ಎಂದ. ದನಿ ಮಾತ್ರ ಸಣ್ಣದಾಗುತ್ತ ಹೋಯಿತು. ಹಣೆಯ ಮೇಲೆ ಬೆವರು. ಕೈಯಲ್ಲಿದ್ದ ಕಾಫಿಯನ್ನು ಕೆಳಗಿಡಬೇಕು ಎಂಬುದೂ ಅವನಿಗೆ ಹೊಳೆದಿರಲಿಲ್ಲ.

ನನಗೂ ಭಯ ಹತ್ತಿಕೊಂಡಿತ್ತು. ಹೆದರಿಸೋಣ ಎಂದು ಶುರು ಮಾಡಿದ್ದು ನಿಲ್ಲಿಸಲಾಗದಂತೆ ಆಗಿಬಿಟ್ಟಿತ್ತು. ಮಾರಿಹೋದದ್ದು ಎಷ್ಟು ಸಾವಿರದ್ದೋ, ಅದರಲ್ಲಿ ನನ್ನ ಹಲ್ಲೂ ಸೇರಿತ್ತು. ಉಳಿದದ್ದು ಆ ಅಳಿಲು ಹೊಡೆಯುವ ಸಣ್ಣ ರೈಫಲ್ ಒಂದೇ. ಅದರ ಮರ ಸವೆದಿತ್ತು, ಗುರಿ ನೋಡುವ ಕಡ್ಡಿ ಬಾಗಿತ್ತು. ಅದೂ ಹೋದರೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ, ಇಬ್ಬರೂ ಸುಮ್ಮನೆ ಗಾಡಿ ಹತ್ತಿ ಮನೆಗೆ ಹೋಗಬೇಕು, ಸಾಯುವವರೆಗೆ ಹಾಗೇ ಇರಬೇಕು. ಆದರೂ ಅದನ್ನೆತ್ತಿ ಹಿಡಿದೆ.

"ಇದಕ್ಕೆ ನಲವತ್ತು ಅಂದಿದ್ದ. ಐವತ್ತಕ್ಕೆ ಕೊಡ್ತೀನಿ."

"ವಿಲ್ಮಾ, ಅದು ಬೇಡ" ಎಂದ ಎಮಿಲ್.

"ಯಾಕೆ ಬೇಡ? ಇದಕ್ಕೆಷ್ಟು ಕೊಟ್ಟಿದ್ದೆ, ನಾನೂರಾ? ಎಂಟುನೂರಾ?"

"ಇಲ್ಲ. ಅದೊಂದಕ್ಕೆ ನಿಜವಾಗ್ಲೂ ನಲವತ್ತೇ ಕೊಟ್ಟಿದ್ದು."

ಆಡಿದ ಮೇಲೆ ಏನು ಆಡಿದೆ ಎಂದು ಅವನಿಗೇ ಕೇಳಿಸಿತು. ಲೆಸ್ಟರ್ ತಲೆ ತಗ್ಗಿಸಿದ. ಎಮಿಲ್‌ನ ಕಿವಿಯವರೆಗೂ ಕೆಂಪೇರಿತು, ಆದರೆ ಬಾಯಿ ನಿಲ್ಲಲಿಲ್ಲ.

"ಅರವತ್ತು ಹೇಳಿದ್ದ ಅದನ್ನ ಮಾರಿದವನು. ನಾನು ಕೇಳಿದೆ ವಿಲ್ಮಾ, ನಾನೇ ಬಾಯಿಬಿಟ್ಟು ಕೇಳಿ ನಲವತ್ತಕ್ಕೆ ಇಳಿಸಿದೆ. ಅದೊಂದೇ ಸಲ. ಬೇರೆ ಯಾವುದಕ್ಕೂ ನನಗೆ ಕೇಳೋಕೆ ಆಗ್ಲಿಲ್ಲ. ಅವರು ಹೇಳಿದಷ್ಟು ಕೊಟ್ಟು ಬಂದೆ. ನಿನ್ನ ಹಲ್ಲಿನ ದುಡ್ಡೂ ಅದರಲ್ಲೇ ಹೋಯ್ತು."

ನಾನು ಅತ್ತುಬಿಟ್ಟೆ. ಅಷ್ಟು ಜನರ ಎದುರು ನಿಂತು ಅತ್ತೆ, ಮುಚ್ಚಿಟ್ಟು ಏನು ಪ್ರಯೋಜನ. ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ. ಊರವರ ಸಿಳ್ಳೆಗಾಗಿ ನನ್ನ ದವಡೆ ಖಾಲಿ ಮಾಡಿದವನ ಮೇಲೆ ಸಿಟ್ಟು ಬಾರದೆ ಇನ್ನೇನು ಬರುತ್ತದೆ? ಆದರೂ ಕೇಳಬೇಕೆಂದಿದ್ದನ್ನು ಕೇಳಿಸಿಕೊಂಡಿದ್ದೆ. ಉಸಿರು ಸ್ವಲ್ಪ ಸಲೀಸಾಯಿತು.

ಲೆಸ್ಟರ್ ಎದ್ದು ಬಂದು ರೈಫಲನ್ನು ಮೊದಲಿದ್ದ ಜಾಗದಲ್ಲೇ ಇಟ್ಟ. ತನ್ನ ದುಡ್ಡನ್ನು ಅವನು ಕೇಳಲಿಲ್ಲ, ನಾನೇ ಕೊಟ್ಟೆ. ಕೆಂಪು ಟೋಪಿಯವನು ಗೊಣಗುತ್ತ ಜೋಡಿನಳಿಗೆಯದನ್ನು ತಂದುಕೊಟ್ಟ. ಗಡ್ಡದವನು ಅಷ್ಟರಲ್ಲಿ ಗಾಡಿ ಹತ್ತಿ ಹೋಗಿದ್ದ. ಜರ್ಮನಿಯ ಬಂದೂಕು ಅವತ್ತು ಹೋದದ್ದು ಹೋಯಿತು, ಇವತ್ತಿಗೂ ಪತ್ತೆಯಿಲ್ಲ.

ಒಹಾಯೊದವನು ಮೇಜಿನ ಹತ್ತಿರ ಬಂದ. ತನ್ನ ರೈಫಲನ್ನು ತಾನೇ ವಾಪಸು ತೆಗೆದುಕೊಳ್ಳುತ್ತೇನೆ, ಎರಡು ಸಾವಿರ ಕೊಡುತ್ತೇನೆ ಎಂದ. ಎಮಿಲ್ ರೂಢಿಯಂತೆ ಒಪ್ಪಿ ತಲೆಯಾಡಿಸಲು ಹೊರಟ. ಅರ್ಧಕ್ಕೇ ನಿಲ್ಲಿಸಿದ. ಕಾಫಿ ಲೋಟಗಳನ್ನು ಮೇಜಿನ ಮೇಲಿಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಮೂರು ಸಾವಿರ" ಎಂದ.

ಒಹಾಯೊದವನು ಹುಬ್ಬೇರಿಸಿದ. ಎರಡೂಕಾಲು ಎಂದ. ಎಮಿಲ್ ಮೂರು ಎಂದ. ಎರಡೂವರೆ, ಅದಕ್ಕಿಂತ ಮೇಲೆ ಹೋದರೆ ನನ್ನ ಹೆಂಡತಿ ನನ್ನನ್ನು ಮನೆಯೊಳಗೆ ಬಿಡುವುದಿಲ್ಲ ಎಂದು ನಗುತ್ತ ಹೇಳಿದ ಒಹಾಯೊದವನು. ಎಮಿಲ್ ನಗಲಿಲ್ಲ. ರೈಫಲನ್ನು ತನ್ನ ಕಡೆಗೆ ಎಳೆದುಕೊಂಡ. ನಾನು ಮಾತಾಡಿದ್ದರೆ ಒಂದೇ ನಿಮಿಷದಲ್ಲಿ ವ್ಯಾಪಾರ ಮುಗಿಸಿಬಿಡುತ್ತಿದ್ದೆ. ಬಾಯಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿಕೊಂಡು ಸುಮ್ಮನೆ ನಿಂತೆ.

"ನನ್ನ ಹೆಂಡತಿ ಅಗಿದು ತಿನ್ನೋಕಾಗದೆ ಎಷ್ಟೋ ತಿಂಗಳಾಯ್ತು" ಎಂದ ಎಮಿಲ್, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಮೂರು ಸಾವಿರ ಅಂದೆ. ಒಂದು ಡಾಲರೂ ಇಳಿಸಲ್ಲ."